ಬ್ರಿಟನ್ನಿನ ಹಳೇ ಮನೆ, ನಮ್ಮ ಡಿಪ್ಲೊಮಾ ಸರ್ಟಿಫಿಕೇಟು

ಬ್ರಿಟನ್ನಿನ ಹಳೇ ಮನೆಗಳನ್ನು ಅಳೆದು, ಅವನ್ನು ಬೆಚ್ಚಗೆ ಮಾಡುವುದು ಹೇಗೆ ಅಂತ ನೋಡುವ ಕೆಲಸ ನನ್ನದು. ಹಾಗಾಗಿ ಇಲ್ಲಿನ ಕನ್ನಡದವರು ಯುಗಾದಿ ಊಟಕ್ಕೆ ಸೇರಿದರೆ ನನಗೆ ಎರಡು ಪ್ರಶ್ನೆ ಬಂದೇ ಬರುತ್ತವೆ. ಒಂದು, "ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕಿಸಿದರೆ ಸರ್ಕಾರ ದುಡ್ಡು ಕೊಡುತ್ತಂತೆ, ಹೌದಾ?" ಇನ್ನೊಂದು ಸ್ವಲ್ಪ ಮೆಲ್ಲಗೆ, ಕೋಸಂಬರಿ ಬಡಿಸಿಕೊಳ್ಳುವ ನೆಪದಲ್ಲಿ: "ನಮ್ಮನೆಯವಳು ಸಿವಿಲ್ ಓದಿದ್ದಾಳೆ. ಇಲ್ಲಿಗೆ ಬಂದು ಎರಡು ವರ್ಷ ಆಯ್ತು, ಸುಮ್ನೆ ಕೂತಿದ್ದಾಳೆ. ನೀವು ಮಾಡೋ ಕೆಲಸಕ್ಕೆ ಅವಳೂ ಸೇರಬಹುದಾ?"

ಮೊದಲನೇದಕ್ಕೆ ಉತ್ತರ ಚಿಕ್ಕದು. ಹೌದು, ಕೊಡುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರಿಂದ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್ ಎಂಬ ಸಹಾಯಧನ ಇದೆ. ಹೊರಗಿನ ಗಾಳಿಯಿಂದ ಶಾಖ ಎಳೆದು ನೀರು ಬಿಸಿ ಮಾಡುವ ಹೀಟ್ ಪಂಪಿಗೆ 2023ರ ಅಕ್ಟೋಬರ್‌ನಲ್ಲಿ ಅದನ್ನು 5,000ದಿಂದ 7,500 ಪೌಂಡಿಗೆ ಏರಿಸಿದರು. ಅರ್ಜಿ ಹಾಕುವುದು ನೀವಲ್ಲ, ಪಂಪ್ ಕೂರಿಸುವವರು. ಅವರಿಗೆ ಈ ಕೆಲಸದ ಗುಣಮಟ್ಟಕ್ಕೆ ಕೊಡುವ ಎಂಸಿಎಸ್ ಸರ್ಟಿಫಿಕೇಟ್ ಇರಲೇಬೇಕು. ಸ್ಕಾಟ್ಲೆಂಡಿನ ಲೆಕ್ಕವೇ ಬೇರೆ, ಅಲ್ಲಿರುವವರು ಹೋಮ್ ಎನರ್ಜಿ ಸ್ಕಾಟ್ಲೆಂಡ್ ಎಂಬ ಸಲಹಾ ಕೇಂದ್ರಕ್ಕೆ ಫೋನ್ ಮಾಡಿ.

ಎರಡನೇ ಪ್ರಶ್ನೆಗೆ ಊಟದ ಎಲೆ ಮುಂದೆ ಉತ್ತರ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಲ್ಲಿನ ಮನೆಗಳನ್ನು ನೋಡಬೇಕು. ನಮ್ಮಲ್ಲಿ ಎಷ್ಟೋ ಜನ ಬಾಡಿಗೆಗೆ ಇರುವ ಸಾಲುಮನೆಗಳು ನೂರು ವರ್ಷಕ್ಕಿಂತ ಹಳೆಯವು. ಅವುಗಳ ಗೋಡೆ ಗಟ್ಟಿ ಇಟ್ಟಿಗೆಯದು, ನಡುವೆ ಟೊಳ್ಳಿಲ್ಲ. ಎರಡು ಪದರದ ಟೊಳ್ಳು ಗೋಡೆ ಸಾಮಾನ್ಯವಾದದ್ದು 1920ರ ನಂತರ. ಹಳೇ ಗೋಡೆಗೆ ಬಳಸಿದ್ದು ಸುಣ್ಣದ ಗಾರೆ. ಊರಲ್ಲಿ ಅಜ್ಜಿ ಮನೆಯ ಸುಣ್ಣದ ಗೋಡೆ ನೆನಪಿದೆಯಲ್ಲ? ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಇಲ್ಲಿಯದೂ ಅದೇ ಜಾತಿ. ಈ ಗೋಡೆಯ ಮೇಲೆ ಸಿಮೆಂಟೋ ಪ್ಲಾಸ್ಟಿಕ್ ಫೋಮೋ ಮೆತ್ತಿ ಬಿಗಿದರೆ, ಮನೆ ಬೆಚ್ಚಗಾಗುವ ಬದಲು ಬೂಷ್ಟು ಹಿಡಿಯುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಪ್ರೆಸ್ಟನ್ ಊರಿನ ಫಿಶ್‌ವಿಕ್ ಬಡಾವಣೆಯಲ್ಲಿ 2013ರ ಸುಮಾರಿಗೆ ನೂರಾರು ಮನೆಗಳ ಹೊರಗೋಡೆಗೆ ಇನ್ಸುಲೇಶನ್, ಅಂದರೆ ಒಳಗಿನ ಶಾಖ ಸೋರದಂತೆ ತಡೆಯುವ ಪದರ, ಹೊದಿಸಿದರು. ಮಳೆನೀರು ಅದರ ಹಿಂದೆ ಇಳಿಯಿತು. ಗೋಡೆ ನೆಂದು, ಒಳಗೆಲ್ಲ ಬೂಷ್ಟು ಎದ್ದಿತು. ಇಂಥ ಅಧ್ವಾನಗಳನ್ನು ನೋಡಿ ಪೀಟರ್ ಬಾನ್‌ಫೀಲ್ಡ್ ಅವರ ನೇತೃತ್ವದಲ್ಲಿ ಒಂದು ಪರಿಶೀಲನೆ ಆಯಿತು, 2016ರಲ್ಲಿ ವರದಿ ಬಂತು. ಅದರಿಂದ ಮನೆ ಕೆಲಸ ಮಾಡುವವರ ಗುಣಮಟ್ಟ ನೋಡುವ ಟ್ರಸ್ಟ್‌ಮಾರ್ಕ್ ಸಂಸ್ಥೆಗೆ ಹೊಸ ಜವಾಬ್ದಾರಿ ಬಂತು, 2019ರಲ್ಲಿ ಮನೆ ಸುಧಾರಣೆ ಹೇಗೆ ಮಾಡಬೇಕು ಅಂತ ಹೇಳುವ ಪಾಸ್ 2035 ಎಂಬ ನಿಯಮಾವಳಿ ಬಂತು. ಆದರೂ ಪಾಠ ಪೂರ್ತಿ ಕಲಿಯಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಇಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಕೊಟ್ಟ ವರದಿ ಓದಿ ನನಗೇ ಗಾಬರಿಯಾಯಿತು. ಎರಡು ಸರ್ಕಾರಿ ಯೋಜನೆಗಳಲ್ಲಿ ಹೊರಗೋಡೆಗೆ ಇನ್ಸುಲೇಶನ್ ಹಾಕಿಸಿಕೊಂಡ ಮನೆಗಳಲ್ಲಿ ಶೇಕಡಾ 98ರಲ್ಲಿ ರಿಪೇರಿ ಬೇಕಾದಷ್ಟು ದೊಡ್ಡ ದೋಷವಿತ್ತು. ಗೋಡೆಯ ಒಳಮೈಗೆ ಹಾಕಿದ್ದರಲ್ಲಿ ಶೇಕಡಾ 29. ಕಾರಣಗಳಲ್ಲಿ ಮುಖ್ಯವಾದದ್ದು, ಕೆಲಸ ಬಾರದವರಿಗೆ ಒಳಗುತ್ತಿಗೆ ಕೊಟ್ಟದ್ದು.

ಈಗ ಇಲ್ಲಿ ದುಡ್ಡಿಗಿಂತ ಜಾಸ್ತಿ ಕೊರತೆ ಇರುವುದು ಬಲ್ಲವರದು. ನಮ್ಮವರಿಗೆ ಜಾಗ ಇರುವುದೂ ಅಲ್ಲೇ. ಆದರೆ ಬಹಳ ಜನ ತಪ್ಪು ಬಾಗಿಲು ತಟ್ಟುತ್ತಾರೆ. ಬಿ.ಇ. ಸರ್ಟಿಫಿಕೇಟು ಹಿಡಿದು ದೊಡ್ಡ ಕನ್ಸಲ್ಟಿಂಗ್ ಕಂಪನಿಗಳಿಗೆ ನೂರು ಅರ್ಜಿ ಹಾಕುತ್ತಾರೆ. ನಾನೂ ಹಾಕಿದ್ದೆ. ಒಬ್ಬರೂ ಕರೆಯಲಿಲ್ಲ. ಸುಲಭವಾಗಿ ತೆರೆಯುವ ಬಾಗಿಲು ಚಿಕ್ಕದು, ಅದರ ಹೆಸರು ಇಪಿಸಿ.

ಇಪಿಸಿ ಅಂದರೆ ಮನೆ ಇಂಧನವನ್ನು ಎಷ್ಟು ಚೆನ್ನಾಗಿ ಬಳಸುತ್ತದೆ ಅಂತ ತೋರಿಸುವ ಸರ್ಟಿಫಿಕೇಟು. ನೀವು ಬಾಡಿಗೆ ಮನೆ ಹುಡುಕುವಾಗ ಕಾಣುವ ಬಣ್ಣದ ಪಟ್ಟಿ, ಎ ಇಂದ ಜಿ ತನಕ. ಹತ್ತು ವರ್ಷ ಚಾಲ್ತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಡಿಗೆಗೆ ಕೊಡಲು ಸದ್ಯಕ್ಕೆ ಸಾಮಾನ್ಯವಾಗಿ ಕನಿಷ್ಠ ಇ ಇರಬೇಕು. ಅದನ್ನು ಬರೆಯುವವರು ಡೊಮೆಸ್ಟಿಕ್ ಎನರ್ಜಿ ಅಸೆಸರ್. ಇದು ಲೆವೆಲ್ 3 ಕೋರ್ಸು, ಹೆಚ್ಚುಕಡಿಮೆ ನಮ್ಮ ಪಿಯುಸಿ ಮಟ್ಟ. ಕೆಲವು ದಿನದ ತರಗತಿ, ಆಮೇಲೆ ಐದು ಮನೆ ಅಳೆದು ಫೋಟೋ ಸಮೇತ ವರದಿ ಒಪ್ಪಿಸಬೇಕು. ಪಾಸಾದ ಮೇಲೆ ಎಲ್ಮ್‌ಹರ್ಸ್ಟ್‌ನಂಥ ಒಂದು ಮಾನ್ಯತಾ ಸಂಸ್ಥೆಗೆ ಸೇರಬೇಕು, ಪೊಲೀಸ್ ಪರಿಶೀಲನೆಯ ಡಿಬಿಎಸ್ ಕಾಗದ ಬೇಕು, ವಿಮೆ ಬೇಕು. ಡ್ರಾಯಿಂಗ್ ಓದಲು ಬರುವವರಿಗೆ, ಟೇಪು ಹಿಡಿದು ಅಭ್ಯಾಸ ಇರುವವರಿಗೆ ಇದು ಕಷ್ಟವಲ್ಲ.

ಬರೀ ಇಪಿಸಿಯಲ್ಲಿ ದೊಡ್ಡ ಸಂಪಾದನೆ ಇಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಪೈಪೋಟಿ ಜಾಸ್ತಿ. ದಿನಕ್ಕೆ ನಾಲ್ಕು ಊರು ಸುತ್ತಬೇಕು. ಇದರ ಬೆಲೆ ಇರುವುದು ಮುಂದಿನ ಮೆಟ್ಟಿಲಿಗೆ. ಮುಂದಿನದು ರೆಟ್ರೋಫಿಟ್ ಅಸೆಸರ್, ಲೆವೆಲ್ 4. ರೆಟ್ರೋಫಿಟ್ ಅಂದರೆ ಹಳೇ ಮನೆಯನ್ನು ಕಡಿಮೆ ಇಂಧನದಲ್ಲಿ ಬೆಚ್ಚಗಿರುವಂತೆ ಸುಧಾರಿಸುವುದು. ಸರ್ಕಾರದ ಯೋಜನೆಗಳಲ್ಲಿ ನಡೆಯುವ ಇನ್ಸುಲೇಶನ್‌ನಂಥ ಮನೆ ಸುಧಾರಣೆಗೆ ಬಹುಪಾಲು ಪಾಸ್ 2035 ಕಡ್ಡಾಯ. ಅದರ ಪ್ರಕಾರ ಮೊದಲು ಮನೆಗೆ ಕಾಲಿಡುವವರು ಇವರೇ.

ನನಗೆ ತುಂಬ ಇಷ್ಟವಾದ ಕೆಲಸ ಇದು. ಗೋಡೆ, ಕಿಟಕಿ, ಬಾಯ್ಲರ್ ಅಳೆದರೆ ಮುಗಿಯಲ್ಲ. ಮನೆಯಲ್ಲಿ ಎಷ್ಟು ಜನ, ಹಗಲು ಯಾರಿರುತ್ತಾರೆ, ಹೀಟಿಂಗ್ ಎಷ್ಟು ಹೊತ್ತು ಉರಿಯುತ್ತದೆ, ಬಟ್ಟೆ ಎಲ್ಲಿ ಒಣಗಿಸುತ್ತಾರೆ, ಎಲ್ಲ ಕೇಳಬೇಕು. ಗಾಳಿ ಹೇಗೆ ಓಡಾಡುತ್ತದೆ ಅಂತ ನೋಡಬೇಕು. ಬಾಗಿಲ ಕೆಳಗೆ ಸುಮಾರು 10 ಮಿಲಿಮೀಟರ್ ಸಂದು ಇರಬೇಕು. ದಪ್ಪ ಕಾರ್ಪೆಟ್ ಹಾಕಿದವರು ಅದನ್ನು ಮುಚ್ಚಿಬಿಟ್ಟಿರುತ್ತಾರೆ. ಕಿಟಕಿ ಮೇಲಿನ ಸಣ್ಣ ಗಾಳಿಕಿಂಡಿಗೆ ಚಳಿ ಅಂತ ಟೇಪು ಅಂಟಿಸಿರುತ್ತಾರೆ. ನಮ್ಮವರ ಮನೆಯಲ್ಲಂತೂ ಬೆಳಿಗ್ಗೆ ಇಡ್ಲಿ ಹಬೆ, ಮಧ್ಯಾಹ್ನ ಕುಕ್ಕರಿನ ಹಬೆ, ರಾತ್ರಿ ರೇಡಿಯೇಟರ್ ಮೇಲೆ ಒದ್ದೆ ಬಟ್ಟೆ. ಎಕ್ಸಾಸ್ಟ್ ಫ್ಯಾನ್ ಸದ್ದು ಮಾಡುತ್ತೆ ಅಂತ ಆಫ್. ಆಮೇಲೆ ಮೂಲೆಯ ಕಪ್ಪು ನೋಡಿ ಮನೆ ಮಾಲೀಕನನ್ನು ಬೈಯುವುದು! ಬೈಸಿಕೊಳ್ಳಬೇಕಾದ ಮಾಲೀಕರೂ ಬೇಕಾದಷ್ಟಿದ್ದಾರೆ ಬಿಡಿ.

ಅಸೆಸರ್ ಕೊಟ್ಟ ವರದಿ ರೆಟ್ರೋಫಿಟ್ ಕೋಆರ್ಡಿನೇಟರ್ ಕೈಗೆ ಹೋಗುತ್ತದೆ. ಇವರು ಲೆವೆಲ್ 5 ಡಿಪ್ಲೊಮಾ ಮಾಡಿದವರು. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲಿ ಅಪಾಯ ಎಂಬುದಕ್ಕೆಲ್ಲ ಇವರದೇ ಸಹಿ, ಇವರದೇ ಹೊಣೆ. ಮದುವೆ ಮನೆಯಲ್ಲಿ ಅಡುಗೆಯವರು, ಪುರೋಹಿತರು, ಶಾಮಿಯಾನದವರು ಎಲ್ಲರನ್ನೂ ಸಂಭಾಳಿಸುವ ಸೋದರಮಾವ ಇರುತ್ತಾರಲ್ಲ, ಹೆಚ್ಚುಕಡಿಮೆ ಅದೇ ಪಾತ್ರ. ಊರಲ್ಲಿ ಸೈಟ್ ಎಂಜಿನಿಯರ್ ಆಗಿದ್ದವರಿಗೆ ಹೇಳಿ ಮಾಡಿಸಿದ್ದು. ಡಿಸೈನರ್, ಇನ್‌ಸ್ಟಾಲರ್, ಕೊನೆಗೆ ಕೆಲಸ ಸರಿಯಾಯಿತೇ ಅಂತ ನೋಡುವ ಇವ್ಯಾಲ್ಯುಯೇಟರ್ ಅಂತ ಬೇರೆ ಪಾತ್ರಗಳೂ ಇವೆ. ಇನ್‌ಸ್ಟಾಲ್ ಮಾಡುವ ಕಂಪನಿಗೆ ಪಾಸ್ 2030 ಸರ್ಟಿಫಿಕೇಟ್ ಬೇಕು.

ಇನ್ನು ಕೈಕೆಲಸ ಬಲ್ಲವರ ವಿಷಯ. ಐಟಿಐ ಮಾಡಿದ ಎಲೆಕ್ಟ್ರಿಷಿಯನ್‌ಗೆ ಇಲ್ಲಿ ದಾರಿ ಉದ್ದ. ಯುಕೆ ಎನಿಕ್ ಎಂಬ ಸಂಸ್ಥೆ ನಮ್ಮ ಸರ್ಟಿಫಿಕೇಟನ್ನು ಇಲ್ಲಿನ ಮಟ್ಟಕ್ಕೆ ಹೋಲಿಸಿ ಒಂದು ಪತ್ರ ಕೊಡುತ್ತದೆ. ಆದರೆ ಆ ಪತ್ರ ಹಿಡಿದು ವೈರು ಮುಟ್ಟುವಂತಿಲ್ಲ. ಬಿಎಸ್ 7671 ಎಂಬ ವೈರಿಂಗ್ ನಿಯಮದ ಪರೀಕ್ಷೆ ಇದೆ, ಪುಸ್ತಕ ನೋಡಿ ಬರೆಯಬಹುದು. ವರ್ಷಗಳ ಅನುಭವ ಇರುವವರನ್ನು ಅಳೆದು ಲೆವೆಲ್ 3 ಕೊಡುವ ವ್ಯವಸ್ಥೆ ಇದೆ, ಕೊನೆಗೆ ಎಎಂ2ಇ ಎಂಬ ಪ್ರಾಯೋಗಿಕ ಪರೀಕ್ಷೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ಸಾಕೆಟ್‌ಗಳ ವೈರು ಸಾಮಾನ್ಯವಾಗಿ ಬೋರ್ಡಿನಿಂದ ಹೊರಟು, ಎಲ್ಲ ಸಾಕೆಟ್ ಸುತ್ತಿ, ಮತ್ತೆ ಬೋರ್ಡಿಗೇ ಬರುತ್ತದೆ. ಪ್ಲಗ್ಗಿನ ಒಳಗೇ ಫ್ಯೂಸ್. ಊರಿನ ಅಭ್ಯಾಸದಲ್ಲಿ ಕೈ ಹಾಕಿದರೆ ಎಡವಟ್ಟಾಗುತ್ತದೆ.

ಬೆಂಗಳೂರಿನ ಎಸಿ ಮೆಕ್ಯಾನಿಕ್‌ಗಳ ಬಗ್ಗೆ ಮಾತ್ರ ಇಲ್ಲಿ ಯಾರೂ ಯೋಚಿಸಿಲ್ಲ ಅನ್ನಿಸುತ್ತದೆ. ಹೀಟ್ ಪಂಪ್ ಅಂದರೆ ತಿರುಗಿಸಿ ಹಾಕಿದ ಎಸಿ, ಅಷ್ಟೇ. ಚೆನ್ನಾಗಿ ಕೂರಿಸಿದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಗ್ಯಾಸ್ ತುಂಬುವ ಕೆಲಸಕ್ಕೆ ಎಫ್-ಗ್ಯಾಸ್ ಸರ್ಟಿಫಿಕೇಟ್ ಬೇಕು, ಎಸಿ ಕೈಗಳಿಗೆ ಅದು ಹೊಸ ವಿದ್ಯೆ ಅಲ್ಲ. ಅವರಿಗೆ ಗೊತ್ತಿಲ್ಲದ್ದು ರೇಡಿಯೇಟರ್, ಬಿಸಿನೀರಿನ ಸಿಲಿಂಡರ್ ಮತ್ತು ಪ್ರತಿ ಕೋಣೆ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬ ಲೆಕ್ಕ. ಆ ಲೆಕ್ಕ ತಪ್ಪಿದರೆ ಎಂಥ ಒಳ್ಳೆ ಪಂಪೂ ಬಿಲ್ಲು ಏರಿಸುತ್ತದೆ. ಇಲ್ಲಿನ ಗ್ಯಾಸ್ ಬಾಯ್ಲರ್ ಕೆಲಸಗಾರರೂ ಆ ಲೆಕ್ಕ ಹೊಸದಾಗಿಯೇ ಕಲಿಯುತ್ತಿದ್ದಾರೆ.

ವೀಸಾ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಸ್ಕಿಲ್ಡ್ ವರ್ಕರ್ ವೀಸಾದವರ ಡಿಪೆಂಡೆಂಟ್, ಅಂದರೆ ಗಂಡನೋ ಹೆಂಡತಿಯೋ ಆಗಿ ಬಂದವರು ಸಂಬಳಕ್ಕೂ ದುಡಿಯಬಹುದು, ಸ್ವಂತವಾಗಿಯೂ ದುಡಿಯಬಹುದು. ಓದು ಮುಗಿಸಿ ಗ್ರಾಜುಯೇಟ್ ವೀಸಾದಲ್ಲಿ ಇರುವವರೂ ಅಷ್ಟೇ. ಆದರೆ ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ದುಡಿಮೆ ನಿಷಿದ್ಧ. ಇಪಿಸಿ ಕೆಲಸ ಬಹುಪಾಲು ಸ್ವಂತ ದುಡಿಮೆಯೇ, ಹಾಗಾಗಿ ವಿದ್ಯಾರ್ಥಿಗಳು ಕೋರ್ಸ್ ಮಾಡಿದರೂ ಬಿಲ್ಲು ಬರೆಯುವಂತಿಲ್ಲ. ಊರಿಂದ ನೇರ ಬರಬೇಕು ಅನ್ನುವವರಿಗೆ 2025ರ ಜುಲೈ 22ರಿಂದ ನಿಯಮ ಬಿಗಿಯಾಗಿದೆ. ಸ್ಕಿಲ್ಡ್ ವರ್ಕರ್ ವೀಸಾಗೆ ಸಾಮಾನ್ಯವಾಗಿ ಪದವಿ ಮಟ್ಟದ ಕೆಲಸ, 41,700 ಪೌಂಡ್ ಸಂಬಳ. ಕೆಲವು ಕೈಕೆಲಸಗಳನ್ನು ತಾತ್ಕಾಲಿಕ ಕೊರತೆ ಪಟ್ಟಿಯಲ್ಲಿ ಇಟ್ಟಿದ್ದಾರೆ, ಆದರೆ ಆ ದಾರಿಯಲ್ಲಿ ಹೊಸದಾಗಿ ಬರುವವರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಇಲ್ಲೇ ಬೆಳೆದ ಮಕ್ಕಳಿಗೆ ಅಪ್ರೆಂಟಿಸ್‌ಶಿಪ್ ಒಳ್ಳೆಯದು. ಸಂಬಳ ತಗೊಂಡು ಕಲಿಯಬಹುದು, ವಯಸ್ಸಿನ ಮೇಲ್ಮಿತಿಯೂ ಇಲ್ಲ. ಸರ್ಕಾರದ ಹಣ ಸಿಗಲು ಸಾಮಾನ್ಯವಾಗಿ ಮೂರು ವರ್ಷ ಇಲ್ಲಿ ವಾಸ ಆಗಿರಬೇಕು. ಎಲೆಕ್ಟ್ರಿಷಿಯನ್ ಆಗಲು ಸುಮಾರು ನಾಲ್ಕು ವರ್ಷ ಹಿಡಿಯುತ್ತದೆ. "ಮಗ ಎಲೆಕ್ಟ್ರಿಷಿಯನ್ ಆಗಬೇಕಾ?" ಅಂತ ಮುಖ ಸಿಂಡರಿಸುವ ಮೊದಲು ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ನಿಮ್ಮ ಮನೆಗೆ ಕೊಟ್ಟ ಬಿಲ್ಲು ತೆಗೆದು ನೋಡಿ.

ದುಡ್ಡು ಕಟ್ಟುವ ಮೊದಲು ಒಂದು ಮಾತು. ನಾನು ಮೊದಲು ಸೇರಿದ ತರಬೇತಿ ಕೇಂದ್ರ ಕೆಲಸ ಗ್ಯಾರಂಟಿ ಅಂತ ಹೇಳಿ ಮೂರು ಕೋರ್ಸು ಒಟ್ಟಿಗೆ ಮಾರಿತು. ಮೂರರಲ್ಲಿ ಒಂದು ನನಗೆ ಬೇಕೇ ಇರಲಿಲ್ಲ, ಕೆಲಸವೂ ಸಿಗಲಿಲ್ಲ, ದುಡ್ಡು ವಾಪಸ್ಸಂತೂ ಬರಲೇ ಇಲ್ಲ. ಹೀಗಾಗಿ ಮೊದಲು ಮಾನ್ಯತಾ ಸಂಸ್ಥೆಗೆ ಫೋನ್ ಮಾಡಿ, ಈ ಸರ್ಟಿಫಿಕೇಟ್ ಇದ್ದರೆ ನನ್ನನ್ನು ಸೇರಿಸಿಕೊಳ್ಳುತ್ತೀರಾ ಅಂತ ಕೇಳಿ. ಇಂಗ್ಲೆಂಡಿನಲ್ಲಿದ್ದರೆ 19 ದಾಟಿದವರಿಗೆ ಸ್ಕಿಲ್ಸ್ ಬೂಟ್‌ಕ್ಯಾಂಪ್‌ಗಳೂ ಇವೆ. ಹೆಚ್ಚೆಂದರೆ 16 ವಾರ, ಅರ್ಹತೆ ಇದ್ದರೆ ಫೀಸಿಲ್ಲ. ಜೊತೆಗೆ ಡ್ರೈವಿಂಗ್. ಊರಿನ ಲೈಸೆನ್ಸ್ ಇಲ್ಲಿ ನಡೆಯುವುದು 12 ತಿಂಗಳು ಮಾತ್ರ. ಕಾರಿಲ್ಲದೆ ಏಣಿ ಹೊತ್ತು ಬಸ್ಸಿನಲ್ಲಿ ಮನೆ ಮನೆ ಸುತ್ತೋಕೆ ಆಗಲ್ಲ. ಕೋರ್ಸಿಗೆ ಮೊದಲೇ ಟೆಸ್ಟ್ ಬುಕ್ ಮಾಡಿ.

ಅಭ್ಯಾಸದ ಆ ಐದು ಮನೆಗೆ ಎಲ್ಲಿಗೆ ಹೋಗೋದು ಅಂತ ಚಿಂತೆ ಬೇಡ, ಕನ್ನಡದವರ ವಾಟ್ಸ್ಯಾಪ್ ಗ್ರೂಪಿನಲ್ಲಿ ಕೇಳಿ. ಬೇರೆ ಬೇರೆ ಕಾಲದ, ಬೇರೆ ಬೇರೆ ಥರದ ಮನೆ ಆರಿಸಿಕೊಳ್ಳಿ. ಹಳೇ ಸಾಲುಮನೆ, 1930ರ ಜೋಡಿಮನೆ, ಒಂದು ಫ್ಲಾಟು, ಹೀಗೆ. ಟಾರ್ಚು, ಮಡಚುವ ಏಣಿ, ಲೇಸರ್ ಟೇಪು, ಶೂ ಮೇಲೆ ಹಾಕುವ ಕವರು ಜೊತೆಗಿರಲಿ. ಅಟ್ಟ ಹತ್ತುವುದು ಮೊದಲು, ಉಪ್ಪಿಟ್ಟು ಆಮೇಲೆ. ತಿಂದು ಹತ್ತಿದರೆ ಅಟ್ಟದ ಕಿಂಡಿಯಲ್ಲಿ ನುಸುಳುವುದು ಕಷ್ಟ, ನನಗೆ ಅನುಭವ ಇದೆ.