ಸ್ವೀಡನ್ನಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ: ವರ್ಷ ಪೂರ್ತಿ ಊರೊಳಗೆ ಏನೇನು ನಡೆಯುತ್ತೆ

ಪರ್ಸನ್‌ನಂಬರ್ (ಇಲ್ಲಿನ ಗುರುತಿನ ಸಂಖ್ಯೆ), ಬ್ಯಾಂಕ್‌ಐಡಿ (ಆನ್‌ಲೈನ್ ಗುರುತಿನ ಆ್ಯಪ್), ಬಾಡಿಗೆ ಮನೆ ಇದೆಲ್ಲ ನಿಮ್ಮ ಆಫೀಸಿನವರೇ ಹೇಳ್ಕೊಡ್ತಾರೆ, ಹಾಗಾಗಿ ಇಲ್ಲಿ ಬರೀತಿರೋದು ಅದಾದ ಮೇಲಿಂದು. ನಮ್ಮವರು ಎಷ್ಟೋ ಜನ ಮನೆ, ಆಫೀಸು, ಇಂಡಿಯನ್ ಅಂಗಡಿ ಇಷ್ಟರಲ್ಲೇ ವರ್ಷಗಟ್ಟಲೆ ಕಳೆದುಬಿಡ್ತಾರೆ. ಊರಿನ ವ್ಯವಹಾರದಲ್ಲಿ ನಮಗೂ ಹಕ್ಕಿದೆ ಅಂತ ಗೊತ್ತಾಗೋ ಹೊತ್ತಿಗೆ ಮಕ್ಕಳು ಹೈಸ್ಕೂಲಿಗೆ ಬಂದಿರ್ತಾರೆ.

ಜುಲೈನಲ್ಲಿ ಇಡೀ ದೇಶ ರಜೆ ಹಾಕಿರುತ್ತೆ, ಯಾವ ಕಚೇರಿಯ ಕೆಲಸವೂ ಬೇಗ ಆಗಲ್ಲ. ಆಗಸ್ಟಲ್ಲಿ ಶಾಲೆ ತೆರೆದ ಮೇಲೆ ಪೇರೆಂಟ್ಸ್ ಮೀಟಿಂಗ್ ಕರೀತಾರೆ, ಸ್ವೀಡಿಷ್ ಬರದಿದ್ರೂ ಹೋಗಿ. ಹೋದಾಗ ಮರೀದೆ ಕೇಳಬೇಕಾಗಿದ್ದು ಮಾತೃಭಾಷೆ ಪಾಠದ ಬಗ್ಗೆ, ಅಂದ್ರೆ ಮೋದರ್ಸ್‌ಮೋಲ್. ಮನೇಲಿ ದಿನಾ ಕನ್ನಡ ಮಾತಾಡೋ, ಕನ್ನಡ ಒಂದಷ್ಟು ಬರೋ ಮಗುವಿಗೆ ಗ್ರುಂಡ್‌ಸ್ಕೋಲಾದಲ್ಲಿ, ಅಂದ್ರೆ ಇಲ್ಲಿನ ಕಡ್ಡಾಯ ಶಾಲೆಯಲ್ಲಿ, ಕನ್ನಡ ಕಲಿಯೋ ಹಕ್ಕಿದೆ, ದುಡ್ಡು ಕೊಡ್ಬೇಕಿಲ್ಲ. ಒಂದೇ ಕೊಮ್ಯೂನಲ್ಲಿ (ನಮ್ಮ ನಗರಸಭೆ ಥರದ ಸ್ಥಳೀಯ ಆಡಳಿತ) 5 ಮಕ್ಕಳಾದರೂ ಕೇಳಿರ್ಬೇಕು, ಪಾಠ ಮಾಡೋಕೆ ಯೋಗ್ಯ ಟೀಚರ್ ಸಿಗಬೇಕು, ಇದು ನಿಯಮ. 5 ಅಂದ್ರೆ ಒಂದೇ ಶಾಲೆಯಲ್ಲಿ ಅಲ್ಲ, ಇಡೀ ಕೊಮ್ಯೂನಲ್ಲಿ. ನಮ್ಮ ಮಕ್ಕಳು ಸಾಕಷ್ಟು ಇರೋ ಕಡೆನೂ ಪ್ರತಿ ಮನೆಯವರು ‘ಬೇರೆಯವರು ಹಾಕಿರ್ತಾರೆ’ ಅಂತ ಸುಮ್ಮನಿದ್ರೆ ಲೆಕ್ಕ ತುಂಬೋದೇ ಇಲ್ಲ. ದಯವಿಟ್ಟು ಅರ್ಜಿ ಹಾಕಿ, ಹಾಕಿದ್ಮೇಲೆ ನಮ್ಮ ಕನ್ನಡ ಸಂಘಕ್ಕೆ ಒಂದು ಮೆಸೇಜ್ ಮಾಡಿ, ಅದೇ ಕೊಮ್ಯೂನಿನ ಉಳಿದ ಮನೆಗಳ ಜೊತೆ ಸೇರಿಸ್ತೀವಿ. ಕನ್ನಡ ಎಂ.ಎ. ಮಾಡಿದವರು, ಊರಲ್ಲಿ ಟೀಚರ್ ಆಗಿದ್ದವರು ನಿಮ್ಮ ಮನೇಲಿದ್ರೆ ಅದನ್ನೂ ಹೇಳಿ. ಮಕ್ಕಳು ಸಿಕ್ಕಿದ್ರೂ ಟೀಚರ್ ಸಿಗದೆ ಪಾಠ ನಿಂತುಹೋಗಬಹುದು.

ಹಾಗೇ ಇನ್ನೊಂದು ಮಾತು, ಟಿಕೆಟ್ ಅಗ್ಗ ಇದೆ ಅಂತ ಶಾಲೆ ನಡೀತಿರುವಾಗ ಮಕ್ಕಳನ್ನ ಬೆಂಗಳೂರಿಗೆ ಕರ್ಕೊಂಡು ಹೊರಡಬೇಡಿ, ಮೊದಲೇ ಶಾಲೆಯ ಅನುಮತಿ ತಗೋಬೇಕು, ಉದ್ದನೆ ರಜೆ ಸುಲಭಕ್ಕೆ ಸಿಗಲ್ಲ.

ಸೆಪ್ಟೆಂಬರಲ್ಲಿ ಎಲೆಕ್ಷನ್, 4 ವರ್ಷಕ್ಕೊಮ್ಮೆ, ತಿಂಗಳ ಎರಡನೇ ಭಾನುವಾರ. 2022ರಲ್ಲಿ ಆಯ್ತು, ಅದಾದ ಮೇಲಿಂದು 2026ರ ಸೆಪ್ಟೆಂಬರ್ 13. ಪಾರ್ಲಿಮೆಂಟಿಗೆ ವೋಟ್ ಹಾಕೋಕೆ ಪೌರತ್ವ ಬೇಕು, ಆದ್ರೆ ಕೊಮ್ಯೂನ್ ಮತ್ತು ರೀಜನ್ (ಜಿಲ್ಲೆ ಥರದ ಪ್ರಾದೇಶಿಕ ಆಡಳಿತ) ಚುನಾವಣೆಗೆ ಬೇಡ, 18 ತುಂಬಿದ್ದು, ಎಲೆಕ್ಷನ್ ದಿನಕ್ಕೆ ಬಿಡದಂತೆ 3 ವರ್ಷ ಇಲ್ಲಿ ನೋಂದಣಿ ಇದ್ರೆ ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡೇ ವೋಟ್ ಹಾಕಬಹುದು. ಮಕ್ಕಳ ಶಾಲೆ ನೋಡ್ಕೊಳ್ಳೋದು ಕೊಮ್ಯೂನು, ಆಸ್ಪತ್ರೆ ನಡೆಸೋದು ರೀಜನ್ನು, ಬೇರೆ ಯಾವ ಎಲೆಕ್ಷನ್ ನಮಗೆ ಇದಕ್ಕಿಂತ ಹತ್ತಿರ ಹೇಳಿ? ವೋಟಿನ ಕಾರ್ಡು ತಾನಾಗೇ ಪೋಸ್ಟಲ್ಲಿ ಬರುತ್ತೆ, ಜಾಹೀರಾತು ಅಂತ ಕಸಕ್ಕೆ ಹಾಕಬೇಡಿ. ರೀಜನ್ ಚೀಟಿ ನೀಲಿ, ಕೊಮ್ಯೂನಿಂದು ಬಿಳಿ, ಹಳದಿ ಪಾರ್ಲಿಮೆಂಟಿಂದು. ಎಲೆಕ್ಷನ್ ಹತ್ರ ಬಂದಾಗ ಪೇಟೆ ಚೌಕದಲ್ಲಿ ಪಾರ್ಟಿಗಳು ಪುಟ್ಟ ಮರದ ಗೂಡಂಗಡಿ ಇಟ್ಟಿರ್ತಾರೆ, ಹೋಗಿ ನಿಂತ್ಕೊಂಡು ಶಾಲೆ ಬಗ್ಗೆನೋ ಬಸ್ಸಿನ ಬಗ್ಗೆನೋ ಕೇಳಿ, ಕ್ಯಾಂಡಿಡೇಟೇ ಎದುರಿಗೆ ನಿಂತು ಇಂಗ್ಲಿಷಲ್ಲೂ ಉತ್ತರ ಕೊಡ್ತಾರೆ, ಜೊತೆಗೆ ಕಾಫಿನೂ ಸಿಗಬಹುದು.

ನವೆಂಬರ್ ಕತ್ತಲೆ ಕಷ್ಟನೇ, ರಾಜ್ಯೋತ್ಸವಕ್ಕೆ ತಪ್ಪದೆ ಬನ್ನಿ. ಡಿಸೆಂಬರ್ 13ಕ್ಕೆ ಲೂಸಿಯಾ ಅನ್ನೋ ಬೆಳಕಿನ ಹಬ್ಬ, ಮಕ್ಕಳು ಬಿಳಿ ನಿಲುವಂಗಿ ಹಾಕ್ಕೊಂಡು ಹಾಡ್ತಾ ಬರ್ತಾರೆ, ಕಾರ್ಯಕ್ರಮ ಬೆಳಗ್ಗೆ ಬೇಗ ಇರುತ್ತೆ, ಆಫೀಸಿಗೆ ಮೊದಲೇ ಹೇಳಿಡಿ.

ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ 3 ಗಂಟೆಗೆ ಊರೆಲ್ಲಾ ಸೈರನ್ ಕೂಗುತ್ತೆ, 7 ಸೆಕೆಂಡ್ ಕೂಗು, 14 ಸೆಕೆಂಡ್ ಮೌನ, ಮತ್ತೆ ಕೂಗು. ಅದು ಅಪಾಯದ ಎಚ್ಚರಿಕೆ ಸೈರನ್ನಿನ ಪರೀಕ್ಷೆ, ಊರಿಂದ ಬಂದಿರೋ ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ, ಗಾಬರಿ ಆಗ್ತಾರೆ. ಬೇರೆ ದಿನ ಅದೇ ಥರ ಕೂಗಿದ್ರೆ ಒಳಗೆ ಹೋಗಿ ಕಿಟಕಿ ಮುಚ್ಚಿ ರೇಡಿಯೋದಲ್ಲಿ ಪಿ4 ಚಾನೆಲ್ ಹಾಕಿ.

ಟ್ಯಾಕ್ಸ್ ಡಿಕ್ಲರೇಷನ್ ಮಾರ್ಚಲ್ಲಿ ಬರುತ್ತೆ, ಮೇ ಶುರುವಿನೊಳಗೆ ಮುಗಿಸಿ, ಹೆಚ್ಚಿನವರಿಗೆ ನೋಡಿ ಒಪ್ಪಿಗೆ ಕೊಟ್ರೆ ಆಯ್ತು.

ವಸಂತದಲ್ಲಿ ಅಪಾರ್ಟ್‌ಮೆಂಟಿನ ಕ್ಲೀನಿಂಗ್ ದಿನ ಅಂತ ಲಿಫ್ಟ್ ಹತ್ರ ಚೀಟಿ ಅಂಟಿಸಿರ್ತಾರೆ. ಯಾರೂ ಬಲವಂತ ಮಾಡಲ್ಲ, ಆದ್ರೂ ಇಳಿದು ಹೋಗಿ. ವರ್ಷಾನುಗಟ್ಟಲೆ ಲಿಫ್ಟಲ್ಲಿ ತಲೆ ತಗ್ಗಿಸಿ ನಿಲ್ಲೋ ಪಕ್ಕದ ಮನೆಯವರು ಅವತ್ತು ಎಲೆ ಗುಡಿಸ್ತಾ ತಾವಾಗೇ ಮಾತಾಡ್ತಾರೆ, ಮಕ್ಕಳ ಸೈಕಲ್ ಯಾರ ಹತ್ರ ಮಾರೋಕಿದೆ, ಯಾವ ಡೇಕೇರ್ ಒಳ್ಳೇದು, ಎಲ್ಲ ಗೊತ್ತಾಗೋದು ಅಲ್ಲೇ. ಕೆಲಸ ಮುಗಿದ್ಮೇಲೆ ಸಾಸೇಜ್ ಸುಡ್ತಾರೆ, ವೆಜ್ ಆದ್ರೆ ನಿಮ್ಮದು ನೀವೇ ತಗೊಂಡು ಹೋಗಿ, ಗ್ರಿಲ್ಲಲ್ಲಿ ಜಾಗ ಕೊಡ್ತಾರೆ.

ಏಪ್ರಿಲ್ 30ಕ್ಕೆ ವಸಂತ ಬಂತು ಅಂತ ಹಚ್ಚೋ ವಾಲ್‌ಬೊರಿ ಬೆಂಕಿ, ಜೂನ್ 6 ರಾಷ್ಟ್ರೀಯ ದಿನ, ಜೂನ್ 19ರಿಂದ 25ರೊಳಗೆ ಬರೋ ಶುಕ್ರವಾರ ಮಿಡ್‌ಸಮ್ಮರ್ ಅನ್ನೋ ಬೇಸಿಗೆ ಹಬ್ಬ. ಅವತ್ತು ಅಂಗಡಿಗಳು ಬೇಗ ಮುಚ್ಚುತ್ವೆ, ಹಾಲು ತರಕಾರಿ ಗುರುವಾರವೇ ತಂದಿಡಿ, ಬಸ್ ಟೈಮಿಂಗೂ ಹಿಂದಿನ ದಿನವೇ ನೋಡ್ಕೊಳ್ಳಿ.