ಹತ್ತು ಬೈ ಹತ್ತು ರೂಮಿಗೆ ಎಂಥ ಸ್ಪೀಕರ್?

ಕೆಲವು ವರ್ಷಗಳ ಹಿಂದೆ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಅಂದರೆ ಸ್ಟ್ಯಾಂಡಿನ ಮೇಲೆ ಇಡುವ ಪುಟ್ಟ ಸ್ಪೀಕರ್ ಕೊಂಡು ತಂದೆ. ಅಂಗಡಿಯಲ್ಲಿ ಕೇಳಿದಾಗ ಮೃದಂಗದ ಒಂದೊಂದು ಪೆಟ್ಟೂ ಎದೆಗೆ ಬಂದು ತಾಗುತ್ತಿತ್ತು. ಪಕ್ಕದಲ್ಲೇ ಇದ್ದ, ಬೆಲೆ ಕಡಿಮೆಯ ಇನ್ನೊಂದು ಜೊತೆ ಅದರ ಮುಂದೆ ಸಪ್ಪೆ. ಮನೆಗೆ ಬಂದು, ಬೀರುವಿನ ಮೇಲೆ ಇಟ್ಟು, ಅದೇ ಕಛೇರಿ ಹಾಕಿದೆ. ಅಡುಗೆಮನೆಯಿಂದ ಬಂದ ಅಮ್ಮ ಬಾಗಿಲಲ್ಲೇ ನಿಂತು, "ಏನೋ ಇದು, ಪಾಪ ಅವರನ್ನ ಸಂಪಿನೊಳಗೆ ಕೂರಿಸಿ ಹಾಡಿಸ್ತಿದಾರಾ?" ಅಂದರು.

ಸ್ಪೀಕರ್ ಕೆಟ್ಟದ್ದಾಗಿರಲಿಲ್ಲ. ಅಂಗಡಿಯಲ್ಲಿ ಆ ಜೊತೆ ಇನ್ನೊಂದಕ್ಕಿಂತ ಚೂರು ಜೋರಾಗಿ ಹಾಡುತ್ತಿತ್ತು, ಅದು ನನಗೆ ಗೊತ್ತಾಗಲಿಲ್ಲ. ಮನೆಯಲ್ಲಿ ರೂಮು ಅಳೆದಿರಲಿಲ್ಲ. ಈ ಎರಡು ತಪ್ಪು ನೀವು ಮಾಡಬೇಡಿ.

ಮೊದಲು ಟೇಪು ಹಿಡಿಯಿರಿ

ಬೆಂಗಳೂರಿನ ಮೂವತ್ತು-ನಲವತ್ತು ಸೈಟಿನ ಮನೆಗಳಲ್ಲಿ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ರೂಮು ಮಾಮೂಲಿ. ಎತ್ತರವೂ ಸುಮಾರು ಅಷ್ಟೇ. ಸಂಗೀತಕ್ಕೆ ಇದಕ್ಕಿಂತ ಕೆಟ್ಟ ಅಳತೆ ಇಲ್ಲ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಹಾಕಿಕೊಂಡು ಅಲ್ಲೇ ಗುಂಯ್‌ಗುಡುತ್ತವೆ. ಯಾವ ಸ್ವರ ಅಂತ ತಿಳಿಯಲು ಲೆಕ್ಕ ಸುಲಭ: 565ನ್ನು ರೂಮಿನ ಅಡಿಯಿಂದ ಭಾಗಿಸಿ. ಹತ್ತು ಅಡಿಗೆ 56.5 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ ಬರುತ್ತದೆ. ಬಾಸ್ ಗಿಟಾರಿನ ಒಂದು ತಂತಿಯನ್ನು ಸುಮ್ನೆ ಮೀಟಿದರೆ 55 ಹರ್ಟ್ಸ್. ಅಂದರೆ ಸಿನಿಮಾ ಹಾಡಿನ ಬಾಸ್ ಓಡಾಡುವ ಜಾಗವೇ ಇದು. ಇದರ ದುಪ್ಪಟ್ಟು 113ರಲ್ಲೂ ಅದೇ ಗೋಳು. ಗಂಡಸರ ದನಿಯ ಬುಡ ಇರುವುದು ಅಲ್ಲಿ. ಅಮ್ಮನಿಗೆ ಸಂಪು ನೆನಪಾದದ್ದು ಅದಕ್ಕೇ.

ಉದ್ದ, ಅಗಲ, ಎತ್ತರ ಮೂರೂ ಬೇರೆ ಬೇರೆ ಇದ್ದರೆ ಈ ಗುಂಯ್ ಮೂರು ಕಡೆ ಹಂಚಿಹೋಗುತ್ತದೆ. ಮೂರೂ ಒಂದೇ ಆದರೆ ಒಂದರ ಮೇಲೊಂದು ಕೂರುತ್ತದೆ. ಹಾಗಾಗಿ ಮನೆಯಲ್ಲಿ ಹತ್ತು-ಹದಿಮೂರು ಅಡಿಯ ರೂಮು ಇದ್ದರೆ ಸಿಸ್ಟಮ್ಮನ್ನು ಅಲ್ಲಿಗೆ ಹಾಕಿ. ಇರುವುದು ಚೌಕದ ರೂಮು ಒಂದೇ ಆದರೆ ನಾಲ್ಕು ಇಲ್ಲವೇ ಐದು ಇಂಚಿನ ವೂಫರ್ (ಬಾಸ್ ನುಡಿಸುವ ದೊಡ್ಡ ಕೋನು) ಸಾಕು. ಆರೂವರೆ ಇಂಚಿನದು ಹಾಲಿಗೆ ಇರಲಿ. ಚಿಕ್ಕ ರೂಮಿಗೆ ದೊಡ್ಡ ವೂಫರ್ ತಂದು ಆಮೇಲೆ ಬಾಸ್ ತಗ್ಗಿಸಲು ಒದ್ದಾಡುವುದು ಯಾಕೆ ಅಲ್ವಾ?

ಡಬ್ಬದ ಮೇಲಿನ ಅಂಕಿ

ಪಿಎಂಪಿಒ ಅಂತ ಬರೆದು ಸಾವಿರಾರು ವಾಟ್ ತೋರಿಸಿದ್ದರೆ ಆ ಡಬ್ಬವನ್ನು ಅಲ್ಲೇ ಇಟ್ಟು ಬನ್ನಿ. ಅದಕ್ಕೆ ಅರ್ಥವೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ವಾಟ್. ಅದರಲ್ಲೂ ಜಾಸ್ತಿ ಆಸೆ ಬೇಡ, ರೂಮಿನಲ್ಲಿ ನಾವು ಮಾಮೂಲಾಗಿ ಕೇಳುವ ಜೋರಿಗೆ ಒಂದೆರಡು ವಾಟ್ ಖರ್ಚಾದರೆ ಹೆಚ್ಚು. ಮೃದಂಗದ ಪೆಟ್ಟು ಒಮ್ಮೆಲೇ ಏರುವಾಗ ಬೇಕಾಗುತ್ತದೆ ಅಂತ 30ರಿಂದ 50 ವಾಟಿನ ಆಂಪ್ಲಿಫೈಯರ್ ಇಟ್ಟುಕೊಂಡರೆ ಸಾಕು.

ಅದಕ್ಕಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ. ಇಂತಿಷ್ಟು ಕೊಟ್ಟರೆ ಸ್ಪೀಕರ್ ಎಷ್ಟು ಜೋರಾಗಿ ಹಾಡುತ್ತದೆ ಅಂತ ಡಿಬಿಯಲ್ಲಿ (ಡೆಸಿಬೆಲ್, ಸದ್ದಿನ ಜೋರಿನ ಅಳತೆ) ಹೇಳುವ ಅಂಕಿ ಇದು. ಒಂದಕ್ಕೆ 86 ಡಿಬಿ, ಇನ್ನೊಂದಕ್ಕೆ 89 ಡಿಬಿ ಅಂತ ಬರೆದಿದ್ದರೆ, ಅಷ್ಟೇ ಜೋರು ಬರಲು ಮೊದಲನೆಯದಕ್ಕೆ ಎರಡು ಪಟ್ಟು ವಾಟ್ ಬೇಕು. ಇಲ್ಲೊಂದು ಸಣ್ಣ ಮೋಸ ಇದೆ. ಈ ಅಳತೆಯನ್ನು ಸಾಮಾನ್ಯವಾಗಿ 2.83 ವೋಲ್ಟ್ ಕೊಟ್ಟು ತೆಗೆಯುತ್ತಾರೆ. 8 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ ಅದು ಒಂದು ವಾಟ್, 4 ಓಮಿನದಕ್ಕೆ ಎರಡು ವಾಟ್. ಹಾಗಾಗಿ 4 ಓಮ್ ಸ್ಪೀಕರಿನ ಅಂಕಿಯಲ್ಲಿ 3 ಕಳೆದು ಹೋಲಿಸಿ. ನಿಮ್ಮ ಆಂಪ್ಲಿಫೈಯರಿನ ಹಿಂದೆ 6 ಓಮ್, 8 ಓಮ್ ಅಂತ ಬರೆದಿದ್ದರೆ ಅದಕ್ಕಿಂತ ಕಡಿಮೆಯದನ್ನು ಸಿಕ್ಕಿಸಬೇಡಿ, ಬಿಸಿಯಾಗುತ್ತದೆ.

ಸ್ಪೀಕರ್ ನುಡಿಸಬಲ್ಲ ಸ್ವರಗಳ ಮಿತಿ ಹೇಳುವ "50ರಿಂದ 20,000 ಹರ್ಟ್ಸ್" ಅನ್ನುವುದರ ಮುಂದೆ ±3 ಡಿಬಿ, ಅಂದರೆ ಜೋರಿನ ಏರುಪೇರು ಇಷ್ಟರೊಳಗೆ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಆ 50 ಕೇಳುವಷ್ಟು ಬರುತ್ತದೋ, ಬರೀ ಅಳೆಯಲು ಸಿಗುವಷ್ಟು ಬರುತ್ತದೋ ಹೇಳಲಾಗದು. ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಸ್ಪೀಕರ್ ಆದರೆ ವಾಟ್, ಓಮ್ ಹೊಂದಿಸುವ ತಲೆನೋವು ಕಡಿಮೆ. ಆದರೆ ಪ್ಲಗ್ ಪಾಯಿಂಟ್ ಹತ್ತಿರ ಇರಬೇಕು.

ಅಂಗಡಿಯಲ್ಲಿ ಹೋಲಿಸುವ ಬಗೆ

ಕಿವಿಯ ಒಂದು ಗುಣ ಗೊತ್ತಿರಲಿ. ಒಂದು ಡಿಬಿಯಷ್ಟು ಜೋರಾದರೆ ಅದು ಜೋರು ಅನ್ನಿಸುವುದಿಲ್ಲ, ಚೆಂದ ಅನ್ನಿಸುತ್ತದೆ. ಬಾಸ್ ತುಂಬಿದಂತೆ, ಹಾಡುವವರು ಹತ್ತಿರ ಬಂದಂತೆ. ಅಂಗಡಿಯವರು ಬೇಕಂತಲೇ ಮಾಡಬೇಕಾಗಿಯೂ ಇಲ್ಲ. ಆಂಪ್ಲಿಫೈಯರಿನ ತಿರುಗಣೆ ಅಲ್ಲೇ ಇದ್ದು ಸ್ಪೀಕರ್ ಬದಲಾಯಿಸಿದರೆ, 89 ಡಿಬಿಯದು 86ರದ್ದಕ್ಕಿಂತ ತಾನಾಗೇ ಜೋರಾಗಿ ಹಾಡುತ್ತದೆ. ನಾನು ಬಿದ್ದದ್ದು ಈ ಗುಂಡಿಗೇ.

ಆದ್ದರಿಂದ ಫೋನಿಗೆ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಫೋನು ಹೇಳುವ ಅಂಕಿ ನಿಖರ ಇರಬೇಕಾಗಿಲ್ಲ, ಎರಡು ಜೊತೆಗೂ ಒಂದೇ ಬಂದರೆ ಆಯಿತು. ಪಿಂಕ್ ನಾಯ್ಸ್ ಅನ್ನುವ, ಜೋರು ಮಳೆಯಂಥ ಸದ್ದಿನ ಫೈಲನ್ನೂ ಇಟ್ಟುಕೊಳ್ಳಿ. ನೀವು ಕೂರುವ ಕುರ್ಚಿಯಲ್ಲಿ ತಲೆ ಇರುವ ಕಡೆ ಫೋನು ಹಿಡಿದು ಮೊದಲ ಜೊತೆಗೆ ಆ ಸದ್ದು ಹಾಕಿ, 72 ಬಂತು ಅನ್ನಿ. ಎರಡನೆಯದಕ್ಕೆ ಬದಲಾಯಿಸಿ, ಅದೇ 72 ಬರುವವರೆಗೆ ತಿರುಗಣೆ ಹಂದಾಡಿಸಿ. ಅದರ ಗುರುತು ಎಲ್ಲಿ ಅಂತ ನೆನಪಿಡಿ. "ಇಷ್ಟೆಲ್ಲ ಯಾಕೆ ಸಾರ್?" ಅಂತ ಕೇಳುತ್ತಾರೆ. ಕೇಳಲಿ, ದುಡ್ಡು ನಿಮ್ಮದು. ಬಾಸ್, ಟ್ರೆಬಲ್ ಗುಂಡಿಗಳು ನಡುವಿರಲಿ, ಲೌಡ್‌ನೆಸ್ ಗುಂಡಿ ಆಫ್ ಆಗಿರಲಿ. ಎರಡೂ ಜೊತೆ ಒಂದೇ ಜಾಗದಲ್ಲಿ ನಿಂತು ಹಾಡಲಿ. ಒಂದು ಸಲಕ್ಕೆ ಎರಡೇ ಜೊತೆ. ಐದು ಕೇಳಿದರೆ ಕೊನೆಗೆ ನೆನಪುಳಿಯುವುದು ತಲೆನೋವು ಮಾತ್ರ.

ಅಂಗಡಿಯವರು ಹಾಕುವ ಡೆಮೊ ಹಾಡು ಬೇಡ, ಅದು ಎಂಥದರಲ್ಲೂ ಚೆನ್ನಾಗಿ ಕೇಳುವಂತೆ ಆರಿಸಿದ್ದು. ನಿಮಗೆ ಬಾಯಿಪಾಠ ಆಗಿರುವ ನಾಲ್ಕು ಹಾಡು ಒಯ್ಯಿರಿ. ನಾನಂತೂ ಮೊದಲು ಮಾತು ಹಾಕುತ್ತೇನೆ, ಗಂಡಸಿನ ದನಿಯ ಕನ್ನಡ ವಾರ್ತೆ. ಇದು ನನ್ನ ಹುಚ್ಚಲ್ಲ. 1970ರ ದಶಕದಲ್ಲಿ ಬಿಬಿಸಿಯ ಇಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಇಡಲು ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್ ಮಾಡಿದರು. ಈಗಲೂ ಜನ ಅದನ್ನು ಹುಡುಕಿ ಕೊಳ್ಳುತ್ತಾರೆ. ಒಬ್ಬರು ಎದುರು ನಿಂತು ಮಾತಾಡುವುದಕ್ಕೂ ಅದೇ ಮಾತು ಸ್ಪೀಕರಿನಿಂದ ಬರುವುದಕ್ಕೂ ಇರುವ ಫರಕು ನೋಡುವುದು ಅವರ ಪದ್ಧತಿಯಾಗಿತ್ತು. ಮನುಷ್ಯನ ದನಿ ಹೇಗಿರುತ್ತದೆ ಅಂತ ನಮಗೆ ಹುಟ್ಟಿದಾಗಿನಿಂದ ಗೊತ್ತು, ಅಲ್ಲಿ ಸ್ಪೀಕರ್ ಸುಳ್ಳು ಹೇಳಲಾರದು.

ವಾರ್ತೆ ಓದುವಾಗ 'ಸ' ಮತ್ತು 'ಶ' ಬೇರೆ ಬೇರೆ ಕೇಳಬೇಕು. 'ಸ' ಬಂದಾಗಲೆಲ್ಲ ಸಿಳ್ಳೆ ಹೊಡೆದರೆ ಟ್ವೀಟರ್ (ಮೇಲಿನ ಸ್ವರ ನುಡಿಸುವ ಪುಟ್ಟ ಭಾಗ) ಚುಚ್ಚುತ್ತಿದೆ ಅಂತ ಅರ್ಥ. ದನಿ ಬಿಂದಿಗೆಯೊಳಗಿಂದ ಬಂದಂತಿದ್ದರೆ ಡಬ್ಬ ತಾನೂ ದನಿಗೂಡಿಸುತ್ತಿದೆ. ಆಮೇಲೆ ತಂಬೂರಿ. ಮೀಟಿದ ತಂತಿಯ ನಾದ ಬಿಡಿಬಿಡಿಯಾಗಿ ಅರಳಿ ಮುಂದಿನ ತಂತಿಗೆ ಸೇರಬೇಕು, ಒಂದೇ ಗಂಜಿಯಾಗಬಾರದು. ಕೊನೆಗೆ ತನಿ ಆವರ್ತನ: ಮೃದಂಗದ ಎಡಗೈ, ಘಟದ ಕತ್ತು, ಖಂಜಿರ ಮೂರೂ ಬೇರೆ ಬೇರೆ ಕಡೆಯಿಂದ ಬರುತ್ತಿವೆಯೇ ನೋಡಿ.

ಇಪ್ಪತ್ತು ಸೆಕೆಂಡು ಇದು, ಇಪ್ಪತ್ತು ಸೆಕೆಂಡು ಅದು ಅಂತ ಕೇಳಿದರೆ ಫರಕು ಗೊತ್ತಾಗುತ್ತದೆ. ಯಾವುದರ ಜೊತೆ ಬಾಳಬಹುದು ಅನ್ನುವುದು ಗೊತ್ತಾಗಲು ಅರ್ಧ ಗಂಟೆ ಕೂರಬೇಕು. ಎದ್ದು ಕಾಫಿ ಕುಡಿದು ಬಂದು ಮತ್ತೆ ಕೂತಾಗ ವಾಲ್ಯೂಮ್ ತಗ್ಗಿಸೋಣ ಅನ್ನಿಸಿದರೆ ಆ ಜೊತೆ ಬಿಟ್ಟುಬಿಡಿ. ಮುಂಗಡ ಇಟ್ಟುಕೊಂಡು ಒಂದೆರಡು ದಿನ ಮನೆಗೆ ಕೊಡುತ್ತೀರಾ ಅಂತ ಕೇಳಲು ನಾಚಿಕೆ ಬೇಡ.

ಮನೆಗೆ ತಂದ ಮೇಲೆ

ಹೆಸರು ಬುಕ್‌ಶೆಲ್ಫ್, ಆದರೆ ಶೆಲ್ಫಿನೊಳಗೆ ತುರುಕಬೇಡಿ. ಹೆಚ್ಚಿನವುಗಳ ಹಿಂಭಾಗದಲ್ಲಿ ಒಂದು ತೂತು ಇರುತ್ತದೆ, ಪೋರ್ಟ್ ಅನ್ನುತ್ತಾರೆ. ಬಾಸ್ ಅಲ್ಲಿಂದಲೂ ಬರುತ್ತದೆ. ಗೋಡೆಗೆ ಅಂಟಿಸಿಟ್ಟರೆ ಆ ಬಾಸ್ ಊದಿಕೊಳ್ಳುತ್ತದೆ, ಮೂಲೆಯಲ್ಲಿಟ್ಟರೆ ಕೇಳುವುದೇ ಬೇಡ. ಒಂದು ಅಡಿಯಾದರೂ ಮುಂದೆ ಬರಲಿ. ಜಾಗವೇ ಇಲ್ಲ ಅಂದರೆ ಒಂದು ಉಪಾಯ: ಹಳೆ ಕಾಲುಚೀಲ ಸುತ್ತಿ ಆ ತೂತಿಗೆ ಗಟ್ಟಿಯಾಗಿ ತುರುಕಿ. ನಮ್ಮ ಮನೆಯಲ್ಲಿ ಸಂಪಿನ ದನಿ ಮುಕ್ಕಾಲು ಪಾಲು ಹೋದದ್ದು ನನ್ನ ಶಾಲೆಯ ಕಾಲದ ಬಿಳಿ ಕಾಲುಚೀಲದಿಂದ.

ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರಬೇಕು. ಸಜ್ಜೆಯ ಮೇಲೆ, ಬೀರುವಿನ ಮೇಲೆ ಇಟ್ಟರೆ ನಿಮ್ಮ ಫ್ಯಾನಿಗೆ ಚೆನ್ನಾಗಿ ಕೇಳುತ್ತದೆ. ಸ್ಟ್ಯಾಂಡ್ ದುಬಾರಿ ಅನ್ನಿಸಿದರೆ 16-8-6 ಇಂಚಿನ ಸಾಲಿಡ್ ಬ್ಲಾಕ್ ನಾಲ್ಕು ತನ್ನಿ. ಒಂದನ್ನು ಮಲಗಿಸಿ, ಅದರ ಮೇಲೆ ಇನ್ನೊಂದನ್ನು ನಿಲ್ಲಿಸಿ ಸಿಮೆಂಟಿನಿಂದ ಅಂಟಿಸಿ, ಮೇಲೆ ಅಡುಗೆಮನೆ ಕಟ್ಟೆಯಿಂದ ಉಳಿದ ಗ್ರಾನೈಟ್ ತುಂಡು ಕೂರಿಸಿ. 23 ಇಂಚು ಬರುತ್ತದೆ, ಅಲುಗುವುದಿಲ್ಲ. ಓಡಾಡುವ ಮಕ್ಕಳಿರುವ ಮನೆಯಲ್ಲಿ ಮಾತ್ರ ಇದು ಬೇಡ.

ಎರಡು ಸ್ಪೀಕರ್ ಮತ್ತು ನೀವು ಸೇರಿ ಮೂರೂ ಬದಿ ಸಮ ಇರುವ ತ್ರಿಕೋನ ಆಗಬೇಕು. ಹತ್ತು ಅಡಿ ರೂಮಿನಲ್ಲಿ ಐದೂವರೆ ಅಡಿ ಅಂತರ ಸರಿಹೋಗುತ್ತದೆ. ಬಾಸ್ ಇರುವ ಹಾಡು ಹಾಕಿ ರೂಮಿನಲ್ಲಿ ಓಡಾಡಿ ನೋಡಿ. ಗೋಡೆಗೆ ಒರಗಿದರೆ ಆರ್ಭಟ, ನಟ್ಟನಡುವೆ ನಿಂತರೆ ಆ 56 ಹರ್ಟ್ಸ್ ಮಾಯ. ಎರಡರ ಮಧ್ಯೆ, ಹಿಂದಿನ ಗೋಡೆಯಿಂದ ಎರಡು ಮೂರು ಅಡಿ ಬಿಟ್ಟು ಕುರ್ಚಿ ಹಾಕಿ. ಒಮ್ಮೆ ಚಪ್ಪಾಳೆ ತಟ್ಟಿ. ಟಿಣ್ ಅಂತ ಮರುದನಿ ಬಂದರೆ ಟೈಲ್ಸ್ ಮೇಲೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಡಿ.

ವೈರಿಗೆ ಸಾವಿರಗಟ್ಟಲೆ ಸುರಿಯಬೇಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ ಮಾಮೂಲಿ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಇಷ್ಟು ದೂರಕ್ಕೆ ಧಾರಾಳ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಎಲ್ಲ ಸಿಕ್ಕಿಸಿದ ಮೇಲೆ ಅದೇ ವಾರ್ತೆ ಹಾಕಿ ಕಣ್ಣು ಮುಚ್ಚಿ. ಓದುವವರು ಎರಡೂ ಸ್ಪೀಕರಿನ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ ಕೂತು ಮಾತಾಡಬೇಕು. ದನಿ ಎಲ್ಲಿಂದ ಬರುತ್ತಿದೆ ಅಂತಲೇ ಹೇಳಲಾಗದೆ, ಬಾಸ್ ಕೂಡ ತೆಳ್ಳಗಾಗಿದ್ದರೆ ಒಂದು ಕಡೆ ವೈರು ಅದಲುಬದಲಾಗಿದೆ. ಆಂಪ್ಲಿಫೈಯರ್ ಆಫ್ ಮಾಡಿ, ಒಂದೇ ಒಂದು ಸ್ಪೀಕರಿನ ವೈರ್ ತಿರುಗಿಸಿ ಹಾಕಿ, ಮತ್ತೆ ಕೇಳಿ.