ಶಾಸಕರ ಮೇಲೆ ದೂರೇ? ಮೊದಲು ಬಾಗಿಲು ಯಾವುದು ನೋಡಿಕೊಳ್ಳಿ

ಸಾಗರ, ತೀರ್ಥಹಳ್ಳಿ ಕಡೆ ಹೋಟೆಲ್‌ನಲ್ಲಿ ಚಾ ಕುಡಿಯಲು ಕೂತರೆ ಮಾತು ಅಡಿಕೆ ರೇಟಿನಿಂದ ರಾಜಕೀಯಕ್ಕೆ ಬರಲು ಜಾಸ್ತಿ ಹೊತ್ತು ಬೇಡ. ಗೇಣಿದಾರರ ಕಾಗೋಡು ಹೋರಾಟ ಕಂಡ ಸೀಮೆ ಇದು. 1952ರಲ್ಲೇ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದ ಜನ ನಾವು. ಆದರೆ ಇವತ್ತು ಜನಪ್ರತಿನಿಧಿ ತಪ್ಪು ಮಾಡಿದರೆ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಬೈದು ಸುಮ್ಮನಾಗುತ್ತೇವೆ. ಅದರಿಂದ ಯಾರ ಕುರ್ಚಿಯೂ ಅಲ್ಲಾಡುವುದಿಲ್ಲ.

1. ತಪ್ಪು ನಡೆದದ್ದು ಎಲ್ಲಿ?

ಸದನದೊಳಗೆ ಆಡಿದ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ, ಕೋರ್ಟಿಗೆ ಹೋಗಿ ಪ್ರಯೋಜನವಿಲ್ಲ. 2020ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಉಪಸಭಾಪತಿಯನ್ನು ಪೀಠದಿಂದ ಎಳೆದದ್ದು ನೆನಪಿದೆ ಅಲ್ವಾ? ಇಂಥ ಗಲಾಟೆಗೆ ಅಮಾನತು, ಛೀಮಾರಿ ಎಲ್ಲ ಸದನದ ಕೈಯಲ್ಲೇ. ಪತ್ರ ಬರೆಯುವುದಾದರೆ ಸ್ಪೀಕರ್‌ಗೆ ಅಥವಾ ಸಭಾಪತಿಗೆ ಬರೆಯಿರಿ. ಲೋಕಸಭಾ ಸದಸ್ಯರ ನಡತೆ ಬಗ್ಗೆಯಾದರೆ ಅಲ್ಲಿನ ನೀತಿ ಸಮಿತಿ ಇದೆ. ಆದರೆ ದೂರನ್ನು ಇನ್ನೊಬ್ಬ ಸಂಸದರ ಮೂಲಕವೇ, ಅಫಿಡವಿಟ್ ಸಮೇತ ಕಳಿಸಬೇಕು. ಬರೀ ಪೇಪರ್ ಸುದ್ದಿ ಕತ್ತರಿಸಿ ಅಂಟಿಸಿದರೆ ಅವರು ತೆಗೆದುಕೊಳ್ಳುವುದಿಲ್ಲ.

ಲಂಚದ ವಿಷಯ ಬೇರೆ. ಮತ ಹಾಕಲು, ಭಾಷಣ ಮಾಡಲು ದುಡ್ಡು ತಿಂದರೆ ಸದನದ ರಕ್ಷಣೆ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್‌ನಲ್ಲಿ ಹೇಳಿದೆ.

2. ಕಾಗದ ಕೈಗೆ ಬರಲಿ

ನಿಜವಾದ ಕೆಲಸ ಇರುವುದು ಇಲ್ಲಿ. ಹಳ್ಳಕ್ಕೆ ಕಾಲುಸಂಕ ಮಂಜೂರಾಗಿದೆ, ಬಿಲ್ಲೂ ಆಗಿದೆ ಅಂತ ಊರೆಲ್ಲ ಹೇಳುತ್ತದೆ. ಮಳೆಗಾಲದಲ್ಲಿ ಮಕ್ಕಳು ದಾಟುವುದು ಮಾತ್ರ ಅಡಿಕೆ ಮರದ ದಬ್ಬೆ ಮೇಲೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಅದರ ಲೆಕ್ಕ ಡಿಸಿ ಕಚೇರಿಯಲ್ಲಿರುತ್ತದೆ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು.

"ಭ್ರಷ್ಟಾಚಾರ ನಡೆದಿದೆಯೇ ತಿಳಿಸಿ" ಅಂತ ಬರೆದರೆ ಉತ್ತರವೇ ಬರುವುದಿಲ್ಲ. ಹೀಗೆ ಬರೆಯಿರಿ: "ಇಂಥ ಗ್ರಾಮದ ಇಂಥ ಹಳ್ಳದ ಕಾಲುಸಂಕ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ ಮತ್ತು ಕಾಮಗಾರಿ ಮುಗಿದ ಫೋಟೊಗಳ ದೃಢೀಕೃತ ಪ್ರತಿ ಕೊಡಿ." ಎಷ್ಟು ಕೆಲಸ ಆಗಿದೆ ಎಂದು ಎಂಜಿನಿಯರ್ ಅಳೆದು ಬರೆದಿಡುವ ಅಳತೆ ಪುಸ್ತಕ ಕೇಳಲು ಮರೆಯಬೇಡಿ. ಸುಳ್ಳು ಸಿಕ್ಕಿಬೀಳುವುದು ಜಾಸ್ತಿ ಅಲ್ಲೇ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ.

3. ಲೋಕಾಯುಕ್ತಕ್ಕೆ

ಶಾಸಕರು, ಮಂತ್ರಿಗಳು ಇದರ ವ್ಯಾಪ್ತಿಗೆ ಬರುತ್ತಾರೆ. ಸಂಸದರ ಭ್ರಷ್ಟಾಚಾರದ ದೂರು ದೆಹಲಿಯ ಲೋಕಪಾಲಕ್ಕೆ. ಲೋಕಾಯುಕ್ತಕ್ಕಾದರೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅಫಿಡವಿಟ್. ಭ್ರಷ್ಟಾಚಾರದಂಥ ಆರೋಪವಾದರೆ ಘಟನೆ ನಡೆದ ಐದು ವರ್ಷದೊಳಗೆ ಕೊಡಬೇಕು. ಸುಳ್ಳು ದೂರಿಗೆ ಶಿಕ್ಷೆ ಇದೆ, ಹಾಗಾಗಿ ಕಾಗದ ತೋರಿಸುವಷ್ಟನ್ನೇ ಬರೆಯಿರಿ. ಬೆಂಗಳೂರಿನವರೆಗೂ ಹೋಗಬೇಕಿಲ್ಲ, ಅಂಚೆಯಲ್ಲಿ ಕಳಿಸಬಹುದು. ಲೋಕಾಯುಕ್ತ ಪೊಲೀಸರು ತಾಲ್ಲೂಕು ಕೇಂದ್ರಗಳಿಗೆ ಅಹವಾಲು ಕೇಳಲು ಬರುವುದೂ ಉಂಟು.

ಬಲವಂತಕ್ಕೆ ಸಿಕ್ಕಿ ಲಂಚ ಕೊಟ್ಟೇಬಿಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ತಿಳಿಸಿ. ಆಗ ಕೊಟ್ಟ ತಪ್ಪು ನಿಮ್ಮ ತಲೆಗೆ ಬರುವುದಿಲ್ಲ.

4. ಆಸ್ತಿ ಲೆಕ್ಕ

ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು. ಕೊಡದವರ ಹೆಸರು ಕೊನೆಗೆ ಪತ್ರಿಕೆಯಲ್ಲಿ ಬರುತ್ತದೆ. ಆ ಪಟ್ಟಿಯಲ್ಲಿ ನಮ್ಮವರಿದ್ದಾರಾ ನೋಡಿ. ಚುನಾವಣೆಗೆ ನಿಂತಾಗ ಸಲ್ಲಿಸಿದ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹಿಂದಿನ ಚುನಾವಣೆಯದ್ದನ್ನೂ ಈಗಿನದ್ದನ್ನೂ ಪಕ್ಕಪಕ್ಕ ಇಟ್ಟು ಓದಿ, ಕ್ರಿಮಿನಲ್ ಕೇಸುಗಳ ಕಾಲಂ ಸಮೇತ.

5. ಸದನದಲ್ಲಿ ಮಾಡಿದ್ದೇನು?

ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು 2005ರಲ್ಲೇ ನಮ್ಮ ರಾಜ್ಯ ಕಾಯ್ದೆ ಮಾಡಿಕೊಂಡಿದೆ. ಅದನ್ನು ಪಾಲಿಸಿ ಎಂದು ಒತ್ತಾಯಿಸುವುದು, ನನ್ನ ಪ್ರಕಾರ, ಹತ್ತು ಪ್ರತಿಭಟನೆಗಿಂತ ಮುಖ್ಯ. ಕಲಾಪ ನಡೆಯದಿದ್ದರೆ ಮಂತ್ರಿಗಳನ್ನು ಕೇಳುವವರು ಯಾರು? ಚುಕ್ಕೆ ಗುರುತಿನ ಪ್ರಶ್ನೆಗಳೂ (ಮಂತ್ರಿಗಳು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದವು) ಅವುಗಳ ಉತ್ತರಗಳೂ ವಿಧಾನಸಭೆಯ ವೆಬ್‌ಸೈಟಿನಲ್ಲಿ ಸಿಗುತ್ತವೆ. ಶರಾವತಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡ ಸಂತ್ರಸ್ತರ ಬಗ್ಗೆ, ಬಗರ್‌ಹುಕುಂ ಬಗ್ಗೆ, ಅಡಿಕೆ ಎಲೆಚುಕ್ಕೆ ರೋಗದ ಬಗ್ಗೆ ನಿಮ್ಮ ಶಾಸಕರು ಕೇಳಿದ್ದೇನು, ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಅವರು ಊರಿಗೆ ಬಂದಾಗ ಹಾರದ ಬದಲು ಆ ಹಾಳೆ ಕೈಗೆ ಕೊಟ್ಟು, "ಇದರಲ್ಲಿ ನಮ್ಮೂರಿನದ್ದು ಯಾವುದು ಸ್ವಾಮಿ?" ಎಂದು ಕೇಳಿ.